ಕಾಯಕಕ್ಕೆ ಮೊದಲು ಕರಾರು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿ ಬಂದವರಿಗೆಲ್ಲ ಜಕಣಾಚಾರಿಯ ಕಥೆ ಗೊತ್ತು. ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಹುಡುಗನೊಬ್ಬನು ಹೇಳಿದ್ದು, ಮೈತುಂಬ ಗಂಧ ಲೇಪಿಸಿದಾಗ ಹೊಕ್ಕುಳ ಬಳಿ ಮಾತ್ರ ಒಣಗದೆ ಉಳಿದದ್ದು, ಅಲ್ಲಿ ಉಳಿ ಇಟ್ಟೊಡನೆ ನೀರೂ ಕಪ್ಪೆಯೂ ಹೊರಬಂದದ್ದು, ಆಡಿದ ಮಾತಿಗೆ ತಪ್ಪದೆ ಶಿಲ್ಪಿಯು ತನ್ನ ಬಲಗೈಯನ್ನೇ ಕಡಿದುಕೊಂಡದ್ದು, ಆ ಹುಡುಗನೇ ತನ್ನ ಮಗ ಡಂಕಣನೆಂದು ಬಳಿಕ ತಿಳಿದದ್ದು, ಇವೆಲ್ಲವನ್ನೂ ಅಲ್ಲಿನ ಮಾರ್ಗದರ್ಶಕರು ರಸವತ್ತಾಗಿ ಬಣ್ಣಿಸುತ್ತಾರೆ. ಆದರೆ ಆ ಶಿಲ್ಪಿಗೆ ಕೂಲಿ ಎಷ್ಟು ಗೊತ್ತಾಗಿತ್ತು, ಅದು ಸಕಾಲಕ್ಕೆ ಕೈಸೇರಿತೇ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೈ ಕಡಿದುಕೊಂಡ ಕಲಾವಿದನನ್ನು ಕೊಂಡಾಡುವ ನಮ್ಮ ಕಣ್ಣಿಗೆ ಕೂಲಿಯ ಮಾತೆತ್ತಿದ ಕಲಾವಿದನು ಏಕೋ ಸಣ್ಣವನಾಗಿ ಕಾಣುತ್ತಾನೆ.

ಜಕಣಾಚಾರಿ ಜನರ ನಾಲಗೆಯ ಮೇಲೆ ಉಳಿದವನು. ಕಲ್ಲಿನ ಮೇಲೆ ಉಳಿದವರು ಬೇರೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಮದನಿಕೆಯರ ಪೀಠಗಳನ್ನು ಬಾಗಿ ನೋಡಿದರೆ ಸಣ್ಣ ಅಕ್ಷರಗಳಲ್ಲಿ ದಾಸೋಜ ಎಂಬ ಹೆಸರು, ಅವನ ಮಗ ಚಾವಣನ ಹೆಸರು ಕಾಣಸಿಗುತ್ತವೆ. ಊರಿನ ಹೆಸರೂ ಉಂಟು: ಬಳ್ಳಿಗಾವಿ. ಶರಣ ಬಂಧುಗಳಿಗೆ ಆ ಊರನ್ನು ಪರಿಚಯಿಸಬೇಕಾಗಿಲ್ಲ. ಅಲ್ಲಮಪ್ರಭುಗಳ ಬಳ್ಳಿಗಾವಿಯೇ ಅದು. ಸ್ಥಾವರದ ಬಗೆಗೆ ನಮ್ಮ ಶರಣರ ನಿಲುವೇನೆಂಬುದನ್ನು ಬಲ್ಲವನಾದರೂ ನಾನು ಬೇಲೂರಿಗೆ ಹೋದಾಗಲೆಲ್ಲ ಗರ್ಭಗುಡಿಗಿಂತ ಹೆಚ್ಚು ಹೊತ್ತು ಈ ಅಕ್ಷರಗಳ ಮುಂದೆ ನಿಲ್ಲುವುದುಂಟು. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಸೇರಿದಂತೆ ಕೇದಾರೋಜನ ಹೆಸರಿದೆ. ಅಮೃತಾಪುರ, ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ಮಲ್ಲಿತಮ್ಮನೆಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಒಂದು ಕಡೆ ಕೆಲಸ ಮುಗಿದೊಡನೆ ಉಳಿ ಸುತ್ತಿಗೆ ಕಟ್ಟಿಕೊಂಡು ಇನ್ನೊಂದು ಊರಿಗೆ ಹೊರಡುತ್ತಿದ್ದ ಕಸುಬುದಾರರು ಇವರು. ಇಂತಹವರನ್ನು ರೂವಾರಿಗಳೆಂದು ಕರೆಯುತ್ತಿದ್ದರು. (ಆ ಚೆಲುವಾದ ಪದ ಈಗ ಪತ್ರಿಕೆಗಳಲ್ಲಿ ರಾಜಕಾರಣಿಗಳ ಪಾಲಾಗಿದೆ.) ಯಾರೊಬ್ಬರ ಕಾಯಂ ನೌಕರನೂ ಆಗದೆ, ತನ್ನ ಕೈಚಳಕವನ್ನು ಕೆಲಸ ಕೆಲಸಕ್ಕೆ ಬೇರೆಯಾಗಿ ಒಪ್ಪಿಕೊಳ್ಳುವ ಇಂದಿನ ಸ್ವತಂತ್ರ ವಿನ್ಯಾಸಕಾರನ ಹಿರಿಯರನ್ನು ಹುಡುಕುವುದಾದರೆ ಈ ರೂವಾರಿಗಳಲ್ಲೇ ಹುಡುಕಬೇಕು.

ಅರಸೀಕೆರೆಯಲ್ಲಿ 1220ರ ಹೊತ್ತಿಗೆ ಆದ ಶಿವಾಲಯವಿದೆ. ಅದರ ಮುಂದಿನ ತೆರೆದ ಮಂಟಪವು ನಕ್ಷತ್ರದ ಆಕಾರದ್ದು. ಒಂದು ಕೋನದ ಲೆಕ್ಕ ತಪ್ಪಿದರೂ ಮೇಲಿನ ಚಾವಣಿ ಕೂಡಿಕೊಳ್ಳುತ್ತಿರಲಿಲ್ಲ. ಅಂದರೆ ಮೊದಲ ಕಲ್ಲು ನೆಲಕ್ಕೆ ಇಳಿಯುವ ಮುನ್ನವೇ ಆ ಮಂಟಪವು ಯಾರದೋ ಮನಸ್ಸಿನಲ್ಲಿ, ಯಾವುದೋ ನೆಲದ ಮೇಲೆ ಎಳೆದ ಗೆರೆಗಳಲ್ಲಿ ಪೂರ್ಣಗೊಂಡಿತ್ತು. ಆ ಗೆರೆಯೇ ವಿನ್ಯಾಸ. ಇಂದು ಅದೇ ಊರಿನ ಬ್ಯಾನರ್ ಅಂಗಡಿಗೆ ಹೋಗಿ ಕೇಳಿ ನೋಡಿ: ಮುದ್ರಣಕ್ಕೆ ಚದರಡಿಗೆ ಇಷ್ಟೆಂದು ದರವಿರುತ್ತದೆ, ಡಿಸೈನ್ ಮಾತ್ರ ಉಚಿತ! ಬಟ್ಟೆಗೆ ಬೆಲೆಯುಂಟು, ಬಣ್ಣಕ್ಕೆ ಬೆಲೆಯುಂಟು, ಗೆರೆಗೆ ಇಲ್ಲ.

ನಮ್ಮವರೇ ಅಲ್ಲವೇ?

ಈ ಮಾತನ್ನು ಪ್ರಸ್ತಾಪಿಸಲು ಕಾರಣವುಂಟು. ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಒಂದು ಕಂಪ್ಯೂಟರನ್ನು ಮುಂದಿಟ್ಟುಕೊಂಡು ಈ ವೃತ್ತಿಯಲ್ಲಿ ತೊಡಗಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಯಾತ್ರಿಕರು ಬರುವ ಇಂತಹ ಊರಿನಲ್ಲಿ ವಸತಿಗೃಹಕ್ಕೆ ಫಲಕ ಬೇಕು, ಊಟದ ಮನೆಗೆ ಪಟ್ಟಿ ಬೇಕು, ಪ್ರವಾಸಿಗರಿಗೆ ನಕ್ಷೆ ಬೇಕು. ಇವಲ್ಲದೆ ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಶಿವಗಣಾರಾಧನೆಯ ಕಾರ್ಡು, ಜಾತ್ರೆಯ ಕರಪತ್ರ, ಸಹಕಾರ ಸಂಘದ ಲಾಂಛನ. ಕೆಲಸಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕೆಲಸಕ್ಕೆ ಮೊದಲು ನಡೆಯಬೇಕಾದ ಮಾತಿಗೆ.

ಪರಿಚಿತ ಗೃಹಸ್ಥರೊಬ್ಬರು ಒಮ್ಮೆ ತಮ್ಮ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಸಂಸ್ಥೆಯೊಂದರವರು ಆಕೆಯಿಂದ ಲಾಂಛನ ಬರೆಸಿದ್ದರು. “ಮೊದಲು ಮಾಡಿ ತೋರಿಸಮ್ಮ, ಆಮೇಲೆ ನೋಡೋಣ” ಎಂಬುದೇ ಕರಾರು. ಹನ್ನೊಂದು ಸಲ ತಿದ್ದಿಸಿ, ಕಡೆಗೆ ಯಾವುದೂ ಒಪ್ಪಿಗೆಯಾಗಲಿಲ್ಲವೆಂದರು. ಆರು ತಿಂಗಳ ಮೇಲೆ ಅದೇ ಲಾಂಛನ, ಬಣ್ಣವೊಂದನ್ನು ಬದಲಿಸಿಕೊಂಡು, ಫಲಕದ ಮೇಲೆ ಕಾಣಿಸಿಕೊಂಡಿತು. ಹುಡುಗಿ ಹಣ ಕೇಳಿದಳು. ತಂದೆಯವರ ಸಂಕಟವೇನೆಂದರೆ ಆ ಸಂಸ್ಥೆಯ ನಡತೆಯಲ್ಲ, ಮಗಳು ಕೇಳಿದ್ದು! “ಗುರುಗಳೇ, ನಮ್ಮವರ ಹತ್ತಿರವೇ ದುಡ್ಡು ಕೇಳುತ್ತಾಳೆ. ನೀವಾದರೂ ಬುದ್ಧಿ ಹೇಳಿ” ಎಂದರು. ನಾನು ಬುದ್ಧಿ ಹೇಳಿದೆ; ಮಗಳಿಗಲ್ಲ.

ಕಾಯಕದ ಹೆಸರನ್ನು ದಿನಕ್ಕೆ ನೂರು ಸಲ ಹೇಳುವ ಸಮಾಜ ನಮ್ಮದು. ಕಾಯಕವೆಂದರೆ ಕೂಲಿಯಿಲ್ಲದ ದುಡಿಮೆಯೆಂದು ಯಾವ ಶರಣರೂ ಹೇಳಲಿಲ್ಲ. ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೆನೆಯಬೇಕು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನು ಅದನ್ನು ಆಸೆಯೆಂದು ಕಂಡು, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳು. ಈ ಕಥೆಯನ್ನು ನಾವು ದುರಾಸೆಗೆ ಎದುರಾಗಿ ಹೇಳುತ್ತ ಬಂದಿದ್ದೇವೆ. ಸರಿಯೇ. ಆದರೆ ಅದರಲ್ಲಿ ಇನ್ನೊಂದು ಅಂಶವಿದೆ. ಲಕ್ಕಮ್ಮನಿಗೆ ‘ಇದು ಹೆಚ್ಚು’ ಎಂದು ತಿಳಿದದ್ದು ಹೇಗೆ? ನಿತ್ಯದ ಅಳತೆ ಆಕೆಗೆ ಗೊತ್ತಿತ್ತು. ಅಳತೆಯೇ ಗೊತ್ತಾಗದ ಕೆಲಸದಲ್ಲಿ ಹೆಚ್ಚೆಂಬುದೂ ತಿಳಿಯದು, ಕಡಿಮೆಯೆಂಬುದೂ ತಿಳಿಯದು. ಪಡೆದವನಿಗೆ ಆಸೆಯ ಅಳುಕು, ಕೊಟ್ಟವನಿಗೆ ಮೋಸಹೋದ ಅನುಮಾನ ಎರಡೂ ಉಳಿಯುತ್ತವೆ. ಆದ್ದರಿಂದ ಕೆಲಸಕ್ಕೆ ಮೊದಲು ಕೂಲಿಯ ಅಳತೆಯನ್ನು ಗೊತ್ತು ಮಾಡಿಕೊಳ್ಳುವುದು ಲೋಭವಲ್ಲ, ಅದು ಸತ್ಯಶುದ್ಧ ಕಾಯಕದ ಮೊದಲ ಹೆಜ್ಜೆ ಎಂಬುದು ನನ್ನ ದೃಢವಾದ ತಿಳಿವಳಿಕೆ.

ಹಾಗಾದರೆ ದಾಸೋಹ? ದಾಸೋಹವು ಕೊಡುವವನ ಮನಸ್ಸಿನಿಂದ ಹುಟ್ಟಬೇಕಾದದ್ದು. ಪಡೆಯುವವನು ಮೊದಲೇ ಲೆಕ್ಕ ಹಾಕಿ ‘ಇದು ನಿನ್ನ ಸೇವೆ’ ಎಂದು ಗೊತ್ತು ಮಾಡಿದರೆ ಅದು ಬಿಟ್ಟಿಯಾಗುತ್ತದೆ. ಭಕ್ತರೊಬ್ಬರು ಮಠದ ಕಣಜಕ್ಕೆ ರಾಗಿ ತಂದರೆ ಎಷ್ಟು ಚೀಲವೆಂದು ಬರೆದಿಡುತ್ತಾರೆ. ಕೊಬ್ಬರಿ ತಂದರೆ ತೂಕ ಹಾಕಿ ಬರೆಯುತ್ತಾರೆ. ಮೂರು ರಾತ್ರಿ ಕುಳಿತು ಜಾತ್ರೆಯ ಕರಪತ್ರವನ್ನು ರೂಪಿಸಿದ ಹುಡುಗನ ದುಡಿಮೆಯನ್ನು ಬರೆದಿಡುವ ಪದ್ಧತಿ ಮಾತ್ರ ಇಲ್ಲ.

ಎಲ್ಲೆಯನ್ನು ಬರೆದುಕೊಳ್ಳುವ ವಿದ್ಯೆ

ಕರಾರು ಎಂದೊಡನೆ ಹಳ್ಳಿಯ ಮನೆಗಳಲ್ಲಿ ಅದು ಅಪನಂಬಿಕೆಯ ಗುರುತೆಂಬ ಭಾವನೆ ಇದೆ. ಈ ನಾಡಿನ ಯಾವುದಾದರೂ ದತ್ತಿಶಾಸನವನ್ನು ಓದಿದರೆ ಆ ಭಾವನೆ ಹೋಗಬೇಕು. ಮೊದಲು ಸಂವತ್ಸರ, ಮಾಸ, ತಿಥಿ. ಬಳಿಕ ಕೊಟ್ಟವರು ಯಾರು, ಪಡೆದವರು ಯಾರು. ಕೊಟ್ಟದ್ದು ಎಷ್ಟು ಗದ್ದೆ, ಎಷ್ಟು ಗದ್ಯಾಣ. ಅನಂತರ ಚತುಸ್ಸೀಮೆ: ಮೂಡಲಿಗೆ ಯಾವ ಬಂಡೆ, ತೆಂಕಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಮರ, ಬಡಗಲಿಗೆ ಯಾರ ಕೆರೆಯ ಕೋಡಿ. ಎಷ್ಟು ಕಾಲವೆಂದರೆ ಚಂದ್ರಸೂರ್ಯರಿರುವ ತನಕ. ತಪ್ಪಿದರೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಕಡೆಯಲ್ಲಿ ಎಷ್ಟೋ ಸಲ ಬರೆದವನ ಹೆಸರು, ಕಂಡರಿಸಿದ ರೂವಾರಿಯ ಹೆಸರು. ದೇವರಿಗೆ ಕೊಟ್ಟ ದಾನಕ್ಕೂ ಇಷ್ಟು ಬಿಗಿಯಾದ ಬರವಣಿಗೆ! ಕೊಟ್ಟವರಿಗೂ ಪಡೆದವರಿಗೂ ನಡುವೆ ಅಪನಂಬಿಕೆಯಿತ್ತೆಂದು ಇದರ ಅರ್ಥವಲ್ಲ. ಮನುಷ್ಯರು ಮರೆಯುತ್ತಾರೆ, ಸಾಯುತ್ತಾರೆ, ಆಡಳಿತ ಮಂಡಳಿಗಳು ಬದಲಾಗುತ್ತವೆ ಎಂಬ ವಿವೇಕ ಅವರಿಗಿತ್ತು.

ನಮ್ಮ ವಿನ್ಯಾಸಕಾರರು ಈ ಮಾದರಿಯನ್ನೇ ಹಿಡಿಯಲಿ. ಒಂದು ಪುಟ ಸಾಕು. ಅದರಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಚತುಸ್ಸೀಮೆಯ ಭಾಗಕ್ಕೆ. ‘ಲಾಂಛನ ಮಾಡಿಕೊಡುವುದು’ ಎಂದಷ್ಟೇ ಬರೆದರೆ ಎಲ್ಲೆ ಹಾಕಿದಂತಲ್ಲ. ಎಷ್ಟು ಮಾದರಿಗಳನ್ನು ತೋರಿಸುವುದು? ಒಪ್ಪಿದ ಮಾದರಿಯನ್ನು ಎಷ್ಟು ಸಲ ತಿದ್ದಿಕೊಡುವುದು? ಎರಡು ಸಲವೆಂದಾದರೆ ಮೂರನೆಯದಕ್ಕೆ ಬೇರೆ ಎಷ್ಟು? ಲಾಂಛನ ಮಾತ್ರವೋ, ಪತ್ರಶೀರ್ಷಿಕೆ, ಲಕೋಟೆ, ಫಲಕಗಳೂ ಸೇರಿಯೋ? ಮೊಬೈಲಿನಲ್ಲಿ ಕಳುಹಿಸುವ ಚಿತ್ರ ಸಾಕೋ, ಮೂಲ ಫೈಲನ್ನೂ ಒಪ್ಪಿಸಬೇಕೋ? ಕನ್ನಡದ ಒಕ್ಕಣೆಯನ್ನು ತಪ್ಪಿಲ್ಲದೆ ಕೊಡುವ ಹೊಣೆ ಯಾರದು? ಈ ಕಡೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಮುದ್ರಣವಾದ ಸಾವಿರ ಲಗ್ನಪತ್ರಿಕೆಗಳಲ್ಲಿ ಬೀಗರ ಹೆಸರು ತಪ್ಪಾದಾಗ ಮಾತ್ರ ಎಲ್ಲರೂ ಕೇಳುತ್ತಾರೆ. ಒಪ್ಪಿಸುವ ದಿನಾಂಕವೊಂದೇ ಅಲ್ಲ, ಮಾಡಿಸುವವರು ಒಕ್ಕಣೆ ಮತ್ತು ಛಾಯಾಚಿತ್ರಗಳನ್ನು ಕೊಡಬೇಕಾದ ದಿನಾಂಕವನ್ನೂ ಬರೆಯಬೇಕು. ನಡುವೆ ಕೆಲಸ ಕೈಬಿಟ್ಟರೆ ಆ ತನಕದ ದುಡಿಮೆಗೆ ಎಷ್ಟೆಂಬುದನ್ನೂ ಬರೆಯಬೇಕು. ಹಣವನ್ನು ಅರ್ಧ ಮುಂಗಡವಾಗಿ, ಕಾಲುಭಾಗ ಮಾದರಿ ಒಪ್ಪಿಗೆಯಾದಾಗ, ಉಳಿದ ಕಾಲುಭಾಗವನ್ನು ಮೂಲ ಫೈಲು ಕೈಸೇರುವ ಮುನ್ನ ಪಡೆಯುವುದು ಇಬ್ಬರಿಗೂ ಕ್ಷೇಮ.

ದರದ ಮಾತು

ಕೊಬ್ಬರಿಯ ವ್ಯಾಪಾರವನ್ನು ಕಂಡು ಬೆಳೆದ ಅರಸೀಕೆರೆಯ ಮನೆಗಳಿಗೆ ದರದ ಮಾತನ್ನು ಕಲಿಸಹೊರಡುವುದು ಧಾರ್ಷ್ಟ್ಯವಾದೀತು. ಹರಾಜಿಗೆ ಬಂದ ವರ್ತಕನು ಒಂದೆರಡು ಗಿಟುಕನ್ನು ಮುರಿದು ನೋಡುತ್ತಾನೆಯೇ ಹೊರತು ಒಂದು ಚೀಲವನ್ನು ಮನೆಗೆ ಒಯ್ದು ತಿಂದು, ರುಚಿಸಿದರೆ ಹಣ ಕೊಡುತ್ತೇನೆ ಎನ್ನುವುದಿಲ್ಲ. ಹಿಂದೆ ಮಾಡಿದ ಕೆಲಸಗಳೇ ವಿನ್ಯಾಸಕಾರನು ತೋರಿಸಬೇಕಾದ ಗಿಟುಕು. ಹೊಸದಾಗಿ ಒಂದನ್ನು ಬಿಟ್ಟಿಯಾಗಿ ಮಾಡಿ ತೋರಿಸೆಂದರೆ ವಿನಯದಿಂದ ಆಗದು ಎನ್ನಬೇಕು.

ದರ ಎಷ್ಟೆಂದು ಹೇಳುವ ಮುನ್ನ ತನ್ನ ಖರ್ಚನ್ನು ತಾನು ಅರಿತಿರಬೇಕು. ಉದಾಹರಣೆಗೆ ಒಬ್ಬನ ಮನೆಖರ್ಚು, ವಿದ್ಯುತ್ತು, ಇಂಟರ್‌ನೆಟ್ಟು, ಸಾಫ್ಟ್‌ವೇರಿನ ಬಾಡಿಗೆ, ಕಂಪ್ಯೂಟರಿನ ಸವಕಳಿ, ವಿಮೆ ಎಲ್ಲವೂ ಸೇರಿ ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅವನು 25 ದಿನ ದುಡಿದರೂ ಗಿರಾಕಿಗಳನ್ನು ಹುಡುಕುವುದು, ಬಾಕಿಗಾಗಿ ಅಲೆಯುವುದು, ಹೊಸದನ್ನು ಕಲಿಯುವುದು ಇವುಗಳಿಗೆ 10 ದಿನ ಹೋಗುತ್ತವೆ. ಹಣ ಬರುವ ದಿನಗಳು 15 ಮಾತ್ರ. ಹಾಗಾದರೆ ದಿನವೊಂದಕ್ಕೆ 2,000 ರೂಪಾಯಿ ಬಂದರೆ ಖರ್ಚಿಗೆ ಸರಿಹೋಯಿತು, ಉಳಿತಾಯ ಸೊನ್ನೆ. ಮೂರು ದಿನ ಹಿಡಿಯುವ ಲಾಂಛನವನ್ನು 6,000ಕ್ಕಿಂತ ಕಡಿಮೆಗೆ ಒಪ್ಪಿಕೊಂಡರೆ ಅವನು ಕೈಯಿಂದ ಹಣ ಹಾಕಿದಂತೆ. ಈ ಲೆಕ್ಕವನ್ನು ಗಿರಾಕಿಗೆ ಹೇಳಬೇಕಾಗಿಲ್ಲ. ತನಗೆ ತಿಳಿದಿದ್ದರೆ ಮಾತಿನಲ್ಲಿ ತಡವರಿಕೆ ಇರುವುದಿಲ್ಲ.

ಬಂದವರು ಬಾಗಿಲಲ್ಲೇ ‘ಎಷ್ಟಾಗುತ್ತೆ?’ ಎಂದರೆ ಅಲ್ಲೇ ಅಂಕಿ ಹೇಳಿಬಿಡುವ ಆತುರ ಬೇಡ. ಏತಕ್ಕೆ, ಎಲ್ಲಿ, ಎಷ್ಟು ಪ್ರತಿ, ಎಷ್ಟು ವರ್ಷ ಬಳಸುವಿರಿ ಎಂದು ಕೇಳಿ, ಒಂದು ದಿನದ ಬಳಿಕ ಬರಹದಲ್ಲಿ ಕೊಡಬೇಕು. ಒಂದು ಗ್ರಾಮದ ಅಂಗಡಿಯ ಫಲಕಕ್ಕೂ, ರಾಜ್ಯವೆಲ್ಲ ಮಾರಾಟವಾಗುವ ಎಣ್ಣೆಯ ಡಬ್ಬಿಯ ಚೀಟಿಗೂ ದುಡಿಮೆ ಒಂದೇ ಇರಬಹುದು. ಅದರಿಂದ ಮಾಡಿಸಿದವರಿಗೆ ಆಗುವ ಪ್ರಯೋಜನ ಒಂದೇ ಅಲ್ಲ, ದರವೂ ಒಂದೇ ಆಗಬೇಕಾಗಿಲ್ಲ. ಅಷ್ಟು ಕೊಡಲಾಗದು ಎಂದು ಅವರು ಹೇಳಿದರೆ ದರವನ್ನು ಇಳಿಸದೆ ಕೆಲಸವನ್ನು ಇಳಿಸಬೇಕು: ನಾಲ್ಕು ಮಾದರಿಗೆ ಬದಲು ಎರಡು, ಲಕೋಟೆ ಬೇಡ, ತಿದ್ದುಪಡಿ ಒಂದೇ ಸಲ. ಸುಮ್ಮನೆ ದರವನ್ನು ಅರ್ಧಕ್ಕಿಳಿಸಿದರೆ ಮೊದಲು ಹೇಳಿದ್ದು ಸುಳ್ಳೆಂದು ತಾನೇ ಒಪ್ಪಿದಂತಾಗುತ್ತದೆ. ‘ಇದೊಂದು ಸಲ ಮಾಡಿಕೊಡಿ, ಮುಂದೆ ಬೇಕಾದಷ್ಟು ಕೆಲಸ ಕೊಡುತ್ತೇವೆ’ ಎಂಬ ಮಾತಿಗೆ ಉತ್ತರ ಸುಲಭ. ಮುಂದಿನ ಕೆಲಸ ಬಂದಾಗ ರಿಯಾಯಿತಿಯೂ ಅದರ ಜೊತೆಗೇ ಬರಲಿ.

ಕಾನೂನು ಏನು ಹೇಳುತ್ತದೆ?

1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ಬಾಯಿಮಾತಿನ ಕರಾರೂ ಕರಾರೇ. ರುಜುವಾತು ಮಾತ್ರ ಕಷ್ಟ. ಮಿಂಚಂಚೆ, ವಾಟ್ಸಪ್‌ಗಳ ಮೂಲಕ ಆದ ಒಪ್ಪಂದವನ್ನು ಅದು ವಿದ್ಯುನ್ಮಾನದ್ದೆಂಬ ಕಾರಣಕ್ಕೇ ತಳ್ಳಿಹಾಕುವಂತಿಲ್ಲವೆಂದು ಮಾಹಿತಿ ತಂತ್ರಜ್ಞಾನ ಅಧಿನಿಯಮ ಹೇಳುತ್ತದೆ. ಆದ್ದರಿಂದ ಬಾಯಲ್ಲಿ ಆಡಿದ್ದನ್ನೆಲ್ಲ ಅದೇ ಸಂಜೆ ಬರೆದು ಕಳುಹಿಸಿ, ‘ಒಪ್ಪಿಗೆ’ ಎಂಬ ಉತ್ತರವನ್ನು ತರಿಸಿಕೊಂಡು ಇಟ್ಟುಕೊಳ್ಳಬೇಕು. ಬಿಟ್ಟಿಯಾಗಿ ಎಂಬ ಉದ್ದೇಶವಿಲ್ಲದೆ ಮಾಡಿಕೊಟ್ಟ ಕೆಲಸದ ಪ್ರಯೋಜನವನ್ನು ಪಡೆದವರು ಅದಕ್ಕೆ ಪರಿಹಾರ ಕೊಡಬೇಕೆಂದು ಕರಾರು ಅಧಿನಿಯಮದ 70ನೆಯ ಪ್ರಕರಣ ಹೇಳುತ್ತದೆ. ಮೇಲೆ ಹೇಳಿದ ಆ ಹುಡುಗಿ ಕೇಳಿದ್ದು ದಾನವಲ್ಲವೆಂಬುದಕ್ಕೆ ಇದೂ ಒಂದು ಆಧಾರ.

ಕೃತಿಸ್ವಾಮ್ಯದ ವಿಷಯದಲ್ಲಿ ಎರಡು ಕಡೆಯವರಿಗೂ ತಪ್ಪು ತಿಳಿವಳಿಕೆ ಇದೆ. ಹಣ ಕೊಟ್ಟ ಮಾತ್ರಕ್ಕೆ ಎಲ್ಲ ಹಕ್ಕೂ ತಮ್ಮದೆಂದು ಮಾಡಿಸಿದವರು ಭಾವಿಸುತ್ತಾರೆ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಸಂಬಳದ ನೌಕರನು ನೌಕರಿಯ ಭಾಗವಾಗಿ ಮಾಡಿದ್ದು, ಬೇರೆ ಕರಾರಿಲ್ಲದಿದ್ದರೆ, ಒಡೆಯನಿಗೆ ಸೇರುತ್ತದೆ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ, ಬರೆಸಿದ ವರ್ಣಚಿತ್ರ, ಭಾವಚಿತ್ರಗಳಿಗೂ ಹಾಗೆಯೇ ವಿಶೇಷ ನಿಯಮವಿದೆ. ಆದರೆ ಸ್ವತಂತ್ರ ವಿನ್ಯಾಸಕಾರನು ರೂಪಿಸಿದ ಲಾಂಛನದಂತಹ ಕೃತಿಗೆ ಮೊದಲ ಒಡೆಯನು ಸಾಮಾನ್ಯವಾಗಿ ಅವನೇ. ಅದನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಬರಹ ಬೇಕು, ಸಹಿ ಬೇಕು. ಎಷ್ಟು ಕಾಲವೆಂದು ಬರೆಯದಿದ್ದರೆ 5 ವರ್ಷವೆಂದೂ, ಎಲ್ಲಿಗೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ತಿಳಿಯುತ್ತದೆ. ಲಾಂಛನ ಮಾಡಿಸುವ ಮಠ, ಸಂಘ, ಶಾಲೆಗಳ ಆಡಳಿತದವರು ಇದನ್ನು ತಮ್ಮ ಹಿತಕ್ಕಾಗಿಯೇ ಗಮನಿಸಬೇಕು. ವಿನ್ಯಾಸಕಾರನು ‘ಪೂರ್ಣ ಹಣ ಸಂದ ದಿನದಿಂದ ಹಕ್ಕು ವರ್ಗವಾಗುತ್ತದೆ’ ಎಂಬ ಒಂದು ಸಾಲನ್ನು ಸೇರಿಸಲಿ.

ಹಕ್ಕನ್ನು ವರ್ಗಾಯಿಸಿದ ಮೇಲೂ ಕರ್ತೃವಿಗೆ ಉಳಿಯುವಂಥದ್ದೊಂದಿದೆ: ಇದು ನನ್ನ ಕೃತಿಯೆಂದು ಹೇಳಿಕೊಳ್ಳುವ, ಅದನ್ನು ವಿಕಾರಗೊಳಿಸದಂತೆ ತಡೆಯುವ ಅಧಿಕಾರ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಶಿಲ್ಪಿ ಅಮರನಾಥ ಸೆಹಗಲ್ ಅವರು ಕಂಚಿನ ದೊಡ್ಡ ಭಿತ್ತಿಶಿಲ್ಪವನ್ನು ಮಾಡಿಕೊಟ್ಟಿದ್ದರು. 1979ರಲ್ಲಿ ಭವನದ ನವೀಕರಣದ ವೇಳೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಲಾಯಿತು, ಭಾಗಗಳು ಹಾಳಾದವು. ಹಣ ಕೊಟ್ಟು ಕೊಂಡದ್ದು ತಾನೆಂಬುದು ಸರ್ಕಾರದ ವಾದ. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಶಿಲ್ಪಿಯ ಪರವಾಗಿ ತೀರ್ಪಿತ್ತು, ಉಳಿದ ಶಿಲ್ಪವನ್ನು ಅವರಿಗೆ ಮರಳಿಸಬೇಕೆಂದೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಆದೇಶಿಸಿತು. ದಾಸೋಜನು ಪೀಠದ ಮೇಲೆ ಹೆಸರು ಕೊರೆದದ್ದನ್ನು ಬಲ್ಲ ನಮ್ಮ ಸೀಮೆಯವರಿಗೆ ಈ ತೀರ್ಪು ಅಚ್ಚರಿಯೆನಿಸಬೇಕಾಗಿಲ್ಲ. ಕರಪತ್ರದ ಮೂಲೆಯಲ್ಲಿ ‘ವಿನ್ಯಾಸ’ ಎಂದು ಬರೆದು ಹೆಸರು ಹಾಕಲು ಅರ್ಧ ಅಂಗುಲ ಸ್ಥಳ ಸಾಕು.

ಬಾಕಿಯ ವಿಷಯಕ್ಕೆ ಬಂದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮವು ಒಬ್ಬಂಟಿಯಾಗಿ ಸೇವೆ ಒದಗಿಸುವವರಿಗೂ ಅನ್ವಯಿಸುತ್ತದೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಆಧಾರ್, ಪ್ಯಾನ್ ಸಾಕು. ಕೆಲಸ ಒಪ್ಪಿಕೊಳ್ಳುವ ಮುನ್ನವೇ ನೋಂದಾಯಿಸಿಕೊಳ್ಳುವುದು ಲೇಸು, ತಡವಾದರೆ ತಕರಾರಿಗೆ ಎಡೆಯಾಗುತ್ತದೆ. ನೋಂದಾಯಿತನಿಗೆ ಕೊಡಬೇಕಾದ ಹಣವನ್ನು ಯಾವ ಕರಾರಿನಿಂದಲೂ 45 ದಿನಗಳಾಚೆಗೆ ದೂಡುವಂತಿಲ್ಲ. ದೂಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಕೂಡುವ ಚಕ್ರಬಡ್ಡಿ. ದೂರನ್ನು ಸೌಲಭ್ಯ ಮಂಡಳಿಗೆ ಸಲ್ಲಿಸಬಹುದು. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ‘ಕೊಡುತ್ತೇವೆ, ಎಲ್ಲಿಗೆ ಹೋಗುತ್ತೇವೆ’ ಎಂಬ ಮಾತನ್ನು ಕೇಳುತ್ತಲೇ ಆ 3 ವರ್ಷಗಳನ್ನು ಕಳೆದುಕೊಳ್ಳಬಾರದು. ಆದರೂ ನಮ್ಮ ನಮ್ಮಲ್ಲಿಯ ವ್ಯವಹಾರ ನ್ಯಾಯಾಲಯದ ಮೆಟ್ಟಿಲಿಗೆ ಹೋಗುವುದಕ್ಕಿಂತ ಮೊದಲ ದಿನದ ಆ ಒಂದು ಪುಟದಲ್ಲಿ ತೀರುವುದು ಮೇಲಲ್ಲವೇ?

ಜಾತ್ರಾ ಸಮಿತಿಗಳ ಲೆಕ್ಕ ಬರೆಯುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಆಹ್ವಾನ ಪತ್ರಿಕೆ, ಫಲಕಗಳ ವಿನ್ಯಾಸವನ್ನು ಯಾರಿಂದ ಮಾಡಿಸಿದರೂ ಅವರಿಂದ ಪೂರ್ಣ ದರದ ಬಿಲ್ಲನ್ನು ಕೇಳಿ ಪಡೆಯಿರಿ. ಹಣ ಕೊಡುವುದಾದರೆ ಕೊಡಿ. ಅವರು ತಾವಾಗಿ ಬಿಟ್ಟುಕೊಡುವುದಾದರೆ ಬಿಟ್ಟ ಮೊತ್ತವನ್ನು, ರಾಗಿ ಮತ್ತು ಕೊಬ್ಬರಿ ಕೊಟ್ಟವರ ಹೆಸರಿನ ಕೆಳಗೆಯೇ, ದಾಸೋಹದ ಖಾತೆಯಲ್ಲಿ ಅವರ ಹೆಸರಿಗೆ ಬರೆಯಿರಿ.